ಸೋಯಾ ಗುಳ್ಳೆಯ ಮೀಮಾಂಸೆ

ವಿಷಯ ಇಷ್ಟು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ಎದ್ದವರಿಗೆ ಬ್ಲ್ಯಾಕ್ ಫಂಗಸ್ ತಗಲಿದಾಗ, ಠಾಣೆ, ಡೊಂಬಿವಲಿ, ಕಲ್ಯಾಣದ ಕಡೆಯಲ್ಲೂ ಜನ ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಇಂಜೆಕ್ಷನ್ನಿಗಾಗಿ ಅಲೆದರು. ಅದನ್ನು ತಯಾರಿಸುತ್ತಿದ್ದ ದೇಶದ ಕೆಲವೇ ಕಂಪನಿಗಳಲ್ಲೊಂದು ಭಾರತ್ ಸೀರಮ್ಸ್. ಅದರ ಕಾರ್ಖಾನೆ ಇರುವುದು ಕಲ್ಯಾಣದಿಂದ ಮೂರನೇ ಸ್ಟೇಷನ್ ಅಂಬರನಾಥದಲ್ಲಿ. ಮದ್ದು ಮಣ್ಣಿನ ಬ್ಯಾಕ್ಟೀರಿಯಾದ್ದು. ಅದನ್ನು ಹೊತ್ತ, 100 ನ್ಯಾನೊಮೀಟರಿಗಿಂತ ಸಣ್ಣ ಗುಳ್ಳೆಯ, ಅಂದರೆ ಲೈಪೊಸೋಮಿನ, ಗೋಡೆಯಲ್ಲಿ ದೊಡ್ಡ ಪಾಲು ಸೋಯಾಬೀನಿನ ಫಾಸ್ಫೊಲಿಪಿಡ್ ಎಂಬ ಕೊಬ್ಬು.

ಸಂಶಯ: ಈ ಕೊಬ್ಬಿಗೆ ಮದ್ದಿನ ಹೆಸರು ಸಲ್ಲುತ್ತದೆಯೇ?

ಸಲ್ಲದು, ಅದು ಬರೀ ಡಬ್ಬಿ ಎನ್ನುವುದು ಪೂರ್ವಪಕ್ಷ. ಡಬ್ಬಿಯಾದರೆ ಮದ್ದು ಒಳಗಿರಬೇಕಿತ್ತು; ಇಲ್ಲಿ ಅದು ಗೋಡೆಯಲ್ಲೇ ಸಿಕ್ಕಿಕೊಂಡಿದೆ. ಆಂಫೊಟೆರಿಸಿನ್ ಶಿಲೀಂಧ್ರದ ಪೊರೆಯ ಎರ್ಗೊಸ್ಟೆರಾಲನ್ನು ಹಿಡಿದು ತೂತು ಕೊರೆಯುತ್ತದೆ. ಬಿಡಿಯಾಗಿ ಕೊಟ್ಟರೆ ನಮ್ಮ ಮೂತ್ರಪಿಂಡದ ಕೊಲೆಸ್ಟೆರಾಲನ್ನೂ ಬಿಡದು. ಗೋಡೆಯಲ್ಲಿದ್ದರೆ ಶಿಲೀಂಧ್ರ ಎದುರಾಗುವವರೆಗೆ ಬಹುಪಾಲು ಕದಲದು. 687 ರೋಗಿಗಳ ಮೇಲೆ ನಡೆದ, 1999ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಬಗೆಗೂ ಯಶಸ್ಸು ಸುಮಾರು ಅರ್ಧರ್ಧ. ಮೂತ್ರಪಿಂಡಕ್ಕೆ ಪೆಟ್ಟು ಮಾತ್ರ ಬಿಡಿ ಮದ್ದಿನಲ್ಲಿ ಶೇ. 34, ಗುಳ್ಳೆಯದರಲ್ಲಿ ಶೇ. 19. ರೋಗ ಕಳೆಯುವುದು ಆಂಫೊಟೆರಿಸಿನ್ನೇ, ಒಪ್ಪೋಣ. ಅದನ್ನು ರೋಗಿ ತಾಳಿಕೊಳ್ಳುವಂತೆ ಮಾಡುವುದು ಕೊಬ್ಬು. ಹಾಗಾಗಿ ಕೊಬ್ಬು ಮದ್ದಿನ ಅಂಗ.

ಹಾಗಾದರೆ ಇದೇ ಕೊಬ್ಬಿರುವ ಅಂಗಡಿಯ ಸೋಯಾ ಲೆಸಿಥಿನ್ ತಿಂದರಾಯಿತಲ್ಲ? ತಿಂದದ್ದನ್ನು ಕರುಳಿನ ಕಿಣ್ವ ಕತ್ತರಿಸಿಹಾಕುತ್ತದೆ. ಕುಡಿತದಿಂದ ಯಕೃತ್ತು ಕೆಟ್ಟ 789 ಮಂದಿಗೆ ಅಮೆರಿಕದಲ್ಲಿ ಸೋಯಾ ಫಾಸ್ಫೊಲಿಪಿಡನ್ನೇ ಕೊಟ್ಟು ನೋಡಿದ್ದೂ ಆಗಿದೆ. 2003ರಲ್ಲಿ ಬಂದ ಫಲಿತಾಂಶದಲ್ಲಿ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಸಸ್ಯಜನ್ಯ ಎಂಬ ಬಿರುದಿಗೆ ಮರುಳಾಗುವುದು ಬೇಡ: ಗುಳ್ಳೆಗೆ ಸೇರುವ ಮುನ್ನ ಆ ಕೊಬ್ಬಿಗೆ ಹೈಡ್ರೋಜನ್ ಕೂಡಿಸಿ ಗಟ್ಟಿ ಮಾಡಿರುತ್ತಾರೆ.

ತುಪ್ಪದ ಅನುಪಾನ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರೂ ಇದ್ದಾರೆ. ಇತ್ತು, ಬಾಯಿಗೆ. ರಕ್ತನಾಳಕ್ಕೆ ತುಪ್ಪ ಬಿಟ್ಟರೆ ಆಳು ಉಳಿಯುವುದಿಲ್ಲ. ನರ್ಸ್ ಈ ಇಂಜೆಕ್ಷನ್ ತಯಾರಿಸುವುದನ್ನು ನೋಡಿ: ಹಳದಿ ಪುಡಿಗೆ 12 ಮಿ.ಲೀ. ಶುದ್ಧ ನೀರು, ಅರ್ಧ ನಿಮಿಷ ಜೋರಾಗಿ ಕುಲುಕಾಟ, 5 ಮೈಕ್ರಾನ್ ಫಿಲ್ಟರಿನಿಂದ ಸೋಸಿ ಡೆಕ್ಸ್‌ಟ್ರೋಸ್ ಬಾಟಲಿಗೆ. ಸಲೈನ್ ತಾಗಿಸುವಂತಿಲ್ಲ, ಒಡೆದುಹೋಗುತ್ತದೆ.

ಉಳಿದದ್ದು ಬೆಲೆಯ ಆಕ್ಷೇಪ, ಎಲ್ಲಕ್ಕಿಂತ ಗಟ್ಟಿ. ಇದೇ ಇಂಜೆಕ್ಷನ್ ಕೊಡುವ ಇನ್ನೊಂದು ರೋಗ ಕಾಲಾ ಅಜಾರ್‌ಗೆ ಉತ್ತರವಿದೆ: ಬಿಹಾರದ ಮುಜಫ್ಫರಪುರದಲ್ಲಿ ಕಿಲೋಗೆ 10 ಮಿ.ಗ್ರಾಂನಂತೆ ಒಂದೇ ಡೋಸ್ ಕೊಟ್ಟು ಶೇ. 95ಕ್ಕೂ ಹೆಚ್ಚು ಮಂದಿ ಗುಣವಾದದ್ದು 2010ರಲ್ಲಿ ಪ್ರಕಟವಾಯಿತು. ಬ್ಲ್ಯಾಕ್ ಫಂಗಸ್ಸಿಗೆ ಆ ಉತ್ತರ ನಿಲ್ಲದು. ಕಿಲೋಗೆ 5 ಮಿ.ಗ್ರಾಂ ಎಂದರೆ 60 ಕಿಲೋ ಆಳಿಗೆ ದಿನಕ್ಕೆ 50 ಮಿ.ಗ್ರಾಂನ 6 ಸೀಸೆ. ಒಂದೊಂದಕ್ಕೂ ಸಾವಿರಗಟ್ಟಲೆ ರೂಪಾಯಿ, ಹೀಗೆ ವಾರಗಟ್ಟಲೆ. ಅದಕ್ಕೇ ಕೊರತೆ ಬಿದ್ದಾಗ ವೈದ್ಯರು ಬಿಡಿ ಮದ್ದನ್ನೇ ಏರಿಸಿ, ಮೂತ್ರಪಿಂಡದ ಪೆಟ್ಟು ತೋರಿಸುವ ಕ್ರಿಯಾಟಿನಿನ್ ನೋಡುತ್ತ ಕೂರಬೇಕಾಯಿತು.