ದೀಪವೋ, ದ್ವೀಪವೋ?



ದೀಪಾವಳಿ ರಜೆಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳಿಗೆ ಹೋಗೋಣವೆಂದು ಮನೆಯಲ್ಲಿ ವಾರದಿಂದ ಲೆಕ್ಕ ನಡೆದಿತ್ತು. ಹುಬ್ಬಳ್ಳಿಯಿಂದ ಉಡುಪಿಗೆ ಬಸ್ಸು, ಬೋಟಿನ ಟಿಕೆಟ್ಟು, ಬುತ್ತಿಗೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ಚೀಟಿಯಲ್ಲಿ ಎಲ್ಲವೂ ಇತ್ತು, ಮೊಣಕಾಲು ನೋವಿನ ಅವ್ವ ಮಾತ್ರ ಇರಲಿಲ್ಲ.

"ನೀವು ಹೋಗಿ ಬರ್ರಿ, ನಾ ಇರ್ತೀನಿ" ಅಂದಳು ಅವ್ವ. ಆ ಮಾತು ಕೇಳಿ ನನಗೆ ಹಗುರವೆನಿಸಿತು. ರಾತ್ರಿ ಚುಚ್ಚಿದ್ದೂ ಆ ಹಗುರವೇ.

ಪಾಳಿಯಲ್ಲಿ 'ದೀಪ' ಎಂದರೆ ಬೆಳಕೂ ಹೌದು, ನಡುಗಡ್ಡೆಯೂ ಹೌದು. 80ರ ವಯಸ್ಸಿನಲ್ಲಿ, ಬೇಲುವ ಗ್ರಾಮದ ಮಳೆಗಾಲದಲ್ಲಿ ಕಾಯಿಲೆಯಿಂದ ಎದ್ದ ಭಗವಾನರು, ತನಗೆ ತಾನೇ 'ದೀಪ'ವಾಗುವುದನ್ನು ಆನಂದನಿಗೆ ಬೋಧಿಸಿದರು. ಆಸೆಯ ಪ್ರವಾಹ ಮುಳುಗಿಸದ ನೆಲವೇ ಆ ನಡುಗಡ್ಡೆ. ಜವಾಬ್ದಾರಿಯಿಂದ ಓಡಿಹೋಗಿ ಸೇರುವ ಜಾಗ ಅದಲ್ಲ.

ಪ್ರವಾಸದ ಆಸೆ ತಪ್ಪಲ್ಲ. ಆ ಆಸೆ ಯಾರನ್ನು ಮರೆಸುತ್ತದೆ ಎಂಬುದನ್ನು ನೋಡಬೇಕು. ಮಲ್ಪೆಯ ದ್ವೀಪದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ಆರಿ ಆದವು. ಅವು ಇನ್ನೂ ಕಾದಾವು, ಅವ್ವನ ವಯಸ್ಸು ಕಾಯುವುದಿಲ್ಲ.

ಈಗ ಅವ್ವನೂ ಬರುತ್ತಾಳೆ. ಮನೆಯವರು, ಮಕ್ಕಳು ಬೋಟು ಹತ್ತಲಿ. ನಾನು ಅವಳೊಡನೆ ದಂಡೆಯಲ್ಲಿ ಕೂರುತ್ತೇನೆ. ಅವಳು ಇದುವರೆಗೆ ಸಮುದ್ರ ನೋಡಿಲ್ಲ.

ನಿಮ್ಮ ಚೀಟಿಯಲ್ಲಿ ಬಿಟ್ಟುಹೋದವರು ಯಾರು? ಇಂದು ಒಮ್ಮೆ ನೋಡಿಕೊಳ್ಳೋಣ.