ಬುಡ ಬಿಟ್ಟ ಹೊಗೆ

ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಅರಿಯುವ ಪ್ರಮಾಣವನ್ನು, ಭಾರತೀಯ ತರ್ಕಶಾಸ್ತ್ರ ಬಹುತೇಕ ಒಂದೇ ಉದಾಹರಣೆಯಿಂದ ವಿವರಿಸುತ್ತದೆ: ಬೆಟ್ಟದಲ್ಲಿ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು. ಈ ತಿಳಿವಿಗೆ ಎರಡು ಆಧಾರಗಳುಂಟು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆಂಬ ನಿಯಮ ವ್ಯಾಪ್ತಿಯೆನಿಸಿದರೆ, ಆ ಹೊಗೆ ಇದೇ ಬೆಟ್ಟದಲ್ಲಿದೆಯೆಂಬ ನಿಶ್ಚಯ ಪಕ್ಷಧರ್ಮತೆಯೆನಿಸುತ್ತದೆ. ವ್ಯಾಪ್ತಿಯನ್ನು ಕುರಿತು ಚಾರ್ವಾಕರು ಎತ್ತಿದ ಆಕ್ಷೇಪಕ್ಕೆ ನೈಯಾಯಿಕರು ಶತಮಾನಗಳ ಕಾಲ ಉತ್ತರಿಸಿದ್ದಾರೆ. ಉಪಗ್ರಹಗಳ ಕಾಲದಲ್ಲಿ ಕಠಿಣವಾಗಿರುವುದು ಎರಡನೆಯ ಆಧಾರ. ಕೇಶವಮಿಶ್ರನ ತರ್ಕಭಾಷೆಯೆಂಬ ಗ್ರಂಥದಲ್ಲಿ ಬೆಟ್ಟದ ಹೊಗೆ ಬುಡ ಕಡಿಯದೆ ಮುಗಿಲು ಮುಟ್ಟುವ ಹೊಗೆ. ಈ ವಿಶೇಷಣ ಬರಿಯ ಅಲಂಕಾರವಲ್ಲ, ಏಕೆಂದರೆ ಬುಡ ಬಿಟ್ಟು ತೇಲಿಹೋದ ಹೊಗೆ ತನ್ನ ಕೆಳಗಿನ ನೆಲದಲ್ಲಿ ಬೆಂಕಿಯಿದೆಯೆಂದು ಸಾಧಿಸಲಾರದು.

ಹೀಗೆ ಬುಡ ಬಿಟ್ಟ ಹೊಗೆ ಕಾಣಸಿಗುವ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಬಹುಮಟ್ಟಿಗೆ ಎರೆನೆಲದ ಬಯಲು. 2019ರ ಫೆಬ್ರುವರಿಯಲ್ಲಿ ಬಂಡೀಪುರವನ್ನು ಸುಟ್ಟಂತಹ ಕಾಳ್ಗಿಚ್ಚಿಗೆ ಇಲ್ಲಿ ಕಾಡಿಲ್ಲ, ಆದರೆ ಕಬ್ಬು ಕಡಿದ ಹೊಲದಲ್ಲಿ ಉಳಿಯುವ ರವದಿಗೆ, ಅಂದರೆ ಒಣಗರಿಗೆ, ಬೆಂಕಿ ಹಚ್ಚುವ ರೂಢಿಯಿದೆ. ಚಳಿಗಾಲದ ರಾತ್ರಿಗಳಲ್ಲಿ ನೆಲದ ಮೇಲಿನ ತಂಪುಗಾಳಿಯನ್ನು ಅದರ ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಒತ್ತಿಹಿಡಿಯುವುದರಿಂದ ಹೊಗೆ ಮೇಲೇರದೆ ಅಡ್ಡಕ್ಕೆ ಹರಡುತ್ತದೆ, ಭೀಮೆಯ ಒಂದು ದಂಡೆಯಲ್ಲಿ ಹಚ್ಚಿದ್ದು ಇನ್ನೊಂದು ದಂಡೆಯ ಊರನ್ನು ಮುಸುಕಬಹುದು.

ಇಂತಹ ಹೊಗೆಗೆ ಬುಡ ಹುಡುಕುವ ಕೆಲಸವನ್ನು ಉಪಗ್ರಹಗಳು ಹಂಚಿಕೊಂಡು ಮಾಡುತ್ತವೆ. 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ಸಂವೇದಕವು ಹೊಗೆಯನ್ನಲ್ಲ, ಬೆಂಕಿಯ ಶಾಖವನ್ನು ಅವಕೆಂಪು ಕಿರಣಗಳಲ್ಲಿ ಗುರುತಿಸುತ್ತದೆ. ಅದರ ಚಿತ್ರದ ಒಂದು ಬಿಂದು 375 ಮೀಟರ್ ಚದರ, ಸುಮಾರು 35 ಎಕರೆ. 2013ರ ಇನ್ಸಾಟ್-3ಡಿ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಅರ್ಧ ಗಂಟೆಗೊಮ್ಮೆ ಚಿತ್ರ ಕಳಿಸುತ್ತಿದ್ದುದರಿಂದ ಚಲನೆ ತಿಳಿಯುತ್ತಿತ್ತು, ಸೂಕ್ಷ್ಮತೆ ಸಿಗುತ್ತಿರಲಿಲ್ಲ. ಶಾಖದ ಬಿಂದು, ಹೊಗೆಯ ಪಟ್ಟೆ, ಗಾಳಿಯ ದಿಕ್ಕು ಮೂರನ್ನೂ ಕೂಡಿಸಿದಾಗ ಕಡಿದ ಬುಡ ಮತ್ತೆ ಕೂಡಿಕೊಳ್ಳುತ್ತದೆ. ಆದರೂ ಮಂಜು, ಧೂಳುಗಳು ಹೊಗೆಯೆಂದು ಭ್ರಮೆ ಹುಟ್ಟಿಸುತ್ತವೆ. ಹಬೆಯನ್ನು ಹೊಗೆಯೆಂದು ಬಗೆದು ಮಾಡಿದ ಅನುಮಾನ ಅಸಿದ್ಧವೆಂದು ಪ್ರಾಚೀನ ತಾರ್ಕಿಕರೇ ಎಚ್ಚರಿಸಿದ್ದರೆಂಬುದು ಇಲ್ಲಿ ಸ್ಮರಣೀಯ.

ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆ ಸುಟ್ಟವರಿಗೆ ದಂಡ ವಿಧಿಸುವಾಗ ಇಂತಹ ಬಿಂದುಗಳು ಆಧಾರವಾಗುತ್ತವೆ. ಬಿಂದುವಿನಿಂದ ಬೆಂಕಿಗೆ ಹೋಗುವುದು ಅನುಮಾನವೇ ಹೌದು. ಬೆಂಕಿಯಿಂದ ಹೊಲಕ್ಕೆ, ಹೊಲದಿಂದ ಒಡೆಯನಿಗೆ, ಒಡೆಯನಿಂದ ಹಚ್ಚಿದ ಕೈಗೆ ಹೋಗುವ ಪ್ರತಿ ಹೆಜ್ಜೆಗೂ ಬೇರೆ ವ್ಯಾಪ್ತಿ ಬೇಕು, ಕೊನೆಯ ಹೆಜ್ಜೆಗೆ ಅದು ದೊರೆಯುವುದೇ ಇಲ್ಲ. ಆದ್ದರಿಂದ ಹೊಲಕ್ಕೆ ಹೋಗಿ ನೋಡದೆ ಹೊರಿಸುವ ಅಪರಾಧ ಅನ್ಯಾಯ.

ಇದರ ಮಗ್ಗುಲಲ್ಲಿಯೇ ಇನ್ನೊಂದು ಅನ್ಯಾಯವಿದೆ. ಸುವೋಮಿ ಈ ನೆಲವನ್ನು ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ತೀವ್ರವಾಗಿ ಉರಿಯುವ ಚಿಕ್ಕ ಬೆಂಕಿಯೂ ಅದಕ್ಕೆ ಕಾಣಬಲ್ಲದಾದರೂ, ಸಂಜೆ ಹಚ್ಚಿ ನಡುರಾತ್ರಿಯೊಳಗೆ ಆರಿದ ಎರಡೆಕರೆಯ ರವದಿ ಕಾಣದು. ಭಾಟ್ಟ ಮೀಮಾಂಸಕರು ಕಾಣದಿರುವುದನ್ನೂ, ಅಂದರೆ ಅನುಪಲಬ್ಧಿಯನ್ನೂ, ಪ್ರಮಾಣವೆಂದು ಒಪ್ಪುತ್ತಾರೆ, ಆದರೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿನ ವಿಷಯದಲ್ಲಿ ಮಾತ್ರ. ಆ ಸಂಜೆಯ ಬೆಂಕಿಗೆ ಈ ಯೋಗ್ಯತೆಯಿಲ್ಲವಾದ್ದರಿಂದ ನಕ್ಷೆಯ ಖಾಲಿ ಜಾಗ ಏನನ್ನೂ ಅಲ್ಲಗಳೆಯದು, ಮತ್ತು ಆ ರಾತ್ರಿ ಹೊಗೆ ಕುಡಿದು ಕೆಮ್ಮಿದವರ ಮಾತು ಶಬ್ದಪ್ರಮಾಣವಾಗಿ, ಅಂದರೆ ನಂಬತಕ್ಕವರ ಹೇಳಿಕೆಯಾಗಿ, ನಕ್ಷೆಗಿಂತ ಮೊದಲು ದಾಖಲಾಗಬೇಕಾಗುತ್ತದೆ.