ಪ್ರಾಯಶ್ಚಿತ್ತವೋ, ಚಿಕಿತ್ಸೆಯೋ?

ಗುರುವಾರದ ಮಂಗಳಾರತಿ ಮುಗಿದು ಭಕ್ತರೆಲ್ಲ ತೀರ್ಥಪ್ರಸಾದ ಸ್ವೀಕರಿಸಿ ಹೊರಟ ಮೇಲೆ ಒಬ್ಬ ತಂದೆ ಹಿಂದೆ ಉಳಿಯುವುದುಂಟು. ಊರು ಅಹಮದಾಬಾದಾಗಲಿ, ವಡೋದರಾ ಆಗಲಿ, ಸೂರತ್ ಆಗಲಿ, ಮಾತು ಒಂದೇ. ಮಗ ಹಾಸ್ಟೆಲಿನಲ್ಲಿ ಗಾಂಜಾ ಸೇದುವುದನ್ನು ಕಲಿತಿದ್ದಾನೆ, ರಾತ್ರಿ ನಿದ್ರೆಯಿಲ್ಲ, ನೆರೆಯವರು ತನ್ನನ್ನೇ ಆಡಿಕೊಳ್ಳುತ್ತಾರೆಂದು ಶಂಕಿಸುತ್ತಾನೆ, ಸಂಧ್ಯಾವಂದನೆ ಬಿಟ್ಟು ವರ್ಷವಾಯಿತು. "ಆಚಾರ್ಯರೇ, ಇದಕ್ಕೆ ಪ್ರಾಯಶ್ಚಿತ್ತವೇನು? ಮಗಳ ಮದುವೆಯ ಮಾತು ನಡೆದಿದೆ, ವಿಷಯ ಹೊರಗೆ ಹೋಗಬಾರದು." ಈ ಪ್ರಶ್ನೆ ಒಬ್ಬರದಲ್ಲವಾದುದರಿಂದ ಇದನ್ನು ಎಲ್ಲರೊಡನೆ ವಿಚಾರಮಾಡುವುದು ಉಚಿತವೆನಿಸಿತು.

ಗುಜರಾತ್ ರಾಜ್ಯವು 1960ರಲ್ಲಿ ಉದಯಿಸಿದಂದಿನಿಂದಲೂ ಇಲ್ಲಿ ಪಾನನಿಷೇಧವಿದೆ. ಮಕ್ಕಳು ಈ ನಾಡಿನಲ್ಲಿ ದುಶ್ಚಟಕ್ಕೆ ಬೀಳಲಾರರೆಂದು ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ನಮ್ಮಲ್ಲಿ ಭಂಗಿಯೆನ್ನುವುದನ್ನು ಇಲ್ಲಿ ಶಿವರಾತ್ರಿಯಂದು ಹಾಲಿನಲ್ಲಿ ಅರೆದು ಕುಡಿಯುವವರುಂಟು. 1985ರ ಮಾದಕದ್ರವ್ಯ ಕಾಯಿದೆಯು ಗಾಂಜಾ, ಚರಸ್‌ಗಳನ್ನು ನಿಷೇಧಿಸಿದರೂ, ಬರಿಯ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿರಿಸಿದೆ. ಆದುದರಿಂದಲೇ "ಇದು ಗಿಡಮೂಲಿಕೆ, ಇದರಿಂದೇನು ಕೇಡು?" ಎಂಬ ತರುಣರ ವಾದ ಸುಲಭವಾಗಿ ಮನಸ್ಸಿಗೆ ನಾಟುತ್ತದೆ.

ಕೇಡೇನೆಂಬುದನ್ನು ವಿಜ್ಞಾನದಿಂದಲೇ ತಿಳಿಯೋಣ. ಈ ಗಿಡದ ಮದಕಾರಕ ಅಂಶವಾದ ಟಿ.ಎಚ್.ಸಿ.ಯನ್ನು ಇಸ್ರೇಲಿನ ವಿಜ್ಞಾನಿ ರಾಫೆಲ್ ಮೆಷೂಲಮ್ ಮತ್ತು ಅವರ ಸಹೋದ್ಯೋಗಿ 1964ರಲ್ಲಿ ಪ್ರತ್ಯೇಕಿಸಿದರು. ಬೀಗಕ್ಕೆ ಕೀಲಿ ಹೊಂದುವಂತೆ ಇದು ಹೊಂದಿಕೊಳ್ಳುವ ಸ್ಥಾನಗಳು ಮೆದುಳಿನಲ್ಲಿವೆಯೆಂದು 1988ರಲ್ಲಿ ತಿಳಿದುಬಂತು. ಹಾಗಾದರೆ ಆ ಬೀಗಕ್ಕೆ ದೇಹದ್ದೇ ಆದ ಕೀಲಿ ಯಾವುದು? 1992ರಲ್ಲಿ ಮೆಷೂಲಮರ ಪ್ರಯೋಗಾಲಯದಲ್ಲಿಯೇ ಅದು ದೊರೆಯಿತು. ಅದಕ್ಕೆ ಅವರು ನಮ್ಮ ಸಂಸ್ಕೃತದ ಆನಂದ ಶಬ್ದವನ್ನೇ ತೆಗೆದುಕೊಂಡು 'ಆನಂದಮೈಡ್' ಎಂದು ಹೆಸರಿಟ್ಟರು. ದೇಹವು ಇದನ್ನು ಬೇಕಾದಾಗ, ಬೇಕಾದಷ್ಟೇ ಉತ್ಪಾದಿಸಿ ಕೂಡಲೇ ಕರಗಿಸುತ್ತದೆ. ಗಾಂಜಾದ ಹೊಗೆಯಾದರೋ ನೆನಪು, ವಿವೇಚನೆ, ಭಯ ಇವುಗಳ ಸ್ಥಾನಗಳನ್ನೆಲ್ಲ ಏಕಕಾಲಕ್ಕೆ ಆಕ್ರಮಿಸಿ ಗಂಟೆಗಟ್ಟಲೆ ಬಿಡುವುದಿಲ್ಲ. ಸುಮಾರು ಇಪ್ಪತ್ತೈದರವರೆಗೂ ಬೆಳೆಯುತ್ತಿರುವ ಮೆದುಳಿಗೆ ಇದರ ಪೆಟ್ಟು ಅಧಿಕ.

ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಬಂದ 45,570 ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಐವತ್ತಕ್ಕಿಂತ ಹೆಚ್ಚು ಸಲ ಇದನ್ನು ಸೇವಿಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರವು ಸೇವಿಸದವರಿಗಿಂತ ಆರು ಪಟ್ಟು ಕಂಡಿತು. ಸೇದಿದವರೆಲ್ಲರಿಗೂ ಹೀಗಾಗುವುದಿಲ್ಲವೆಂಬುದೂ ಸತ್ಯ. ಆದರೆ ವಂಶದಲ್ಲಿ ಮನೋರೋಗವಿದ್ದರೆ ಅಪಾಯ ಹೆಚ್ಚು. ಯಾರಿಗೆ ಆದೀತೆಂದು ಮುಂಚೆ ಹೇಳಬಲ್ಲವರಿಲ್ಲ.

ಶಾಸ್ತ್ರವೇನೆನ್ನುತ್ತದೆ? ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಸುಖವನ್ನು ಮೂರಾಗಿ ವಿಂಗಡಿಸಿ, ಮೊದಲಲ್ಲಿಯೂ ಕೊನೆಯಲ್ಲಿಯೂ ಮೋಹವನ್ನೇ ತರುವ ಸುಖವನ್ನು ತಾಮಸವೆಂದಿದ್ದಾನೆ. ಇನ್ನು ಶ್ರೀಮದಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷಕ್ಕೆ ಇಂದ್ರಿಯವು ನಿರ್ದೋಷವಾಗಿರಬೇಕೆಂದು ವಿಧಿಸಿದರು. ಕಾಮಾಲೆಯ ಕಣ್ಣಿಗೆ ಬಿಳಿಯ ಶಂಖವೂ ಹಳದಿ. ಹಾಗೆಯೇ ಯಾರೂ ಆಡದ ಮಾತನ್ನು ಕೇಳುವ ಹುಡುಗನು ಸುಳ್ಳಾಡುತ್ತಿಲ್ಲ. ಮನಸ್ಸೆಂಬ ಅವನ ಇಂದ್ರಿಯಕ್ಕೆ ದೋಷ ತಗಲಿದೆ. ಆದರೆ ಜೀವನ ಸ್ವರೂಪೇಂದ್ರಿಯವಾದ ಸಾಕ್ಷಿಗೆ ಯಾವ ಹೊಗೆಯೂ ತಗಲಲಾರದು. ಕೆಟ್ಟಿರುವುದು ಕರಣ, ಕರ್ತೃವಲ್ಲ. ಈ ಸಿದ್ಧಾಂತವನ್ನು ನಂಬಿದವರು "ನೀನು ನಮ್ಮ ಪಾಲಿಗೆ ಸತ್ತೆ" ಎಂದು ಮಗನಿಗೆ ಹೇಗೆ ಹೇಳಿಯಾರು?

ಹಾಗಾದರೆ ಅವನಲ್ಲಿ ತಪ್ಪಿಲ್ಲವೇ? ಇದೆ. ಕೊಟ್ಟ ಕರಣವನ್ನು ಕೆಡಿಸಿಕೊಂಡ ಹೊಣೆ ಅವನದೇ. ಆದರೆ ಪ್ರಾಯಶ್ಚಿತ್ತದ ಪ್ರಾಣ ಅನುತಾಪ. ಅನುತಾಪ ಹುಟ್ಟಬೇಕಾದದ್ದು ಮನಸ್ಸಿನಲ್ಲಿ. ಆ ಮನಸ್ಸೇ ಅಸ್ವಸ್ಥವಾಗಿರುವಾಗ ಮಾಡಿಸಿದ ಪ್ರಾಯಶ್ಚಿತ್ತ ಬರಿಯ ಕೈಯ ಕ್ರಿಯೆ. ಆದುದರಿಂದ ಚಿಕಿತ್ಸೆ ಮೊದಲು, ಪ್ರಾಯಶ್ಚಿತ್ತ ಅನಂತರ. ಚಿಕಿತ್ಸೆಯು ಶಾಸ್ತ್ರಕ್ಕೆ ವಿರೋಧಿಯಲ್ಲ, ಅದಕ್ಕೆ ದಾರಿ.

ಅಹಮದಾಬಾದ್, ವಡೋದರಾಗಳಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳಿವೆ. ಸೂರತ್ತಿನ ನ್ಯೂ ಸಿವಿಲ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 2022ರಲ್ಲಿ ಆರಂಭವಾದ ಕೇಂದ್ರಸರ್ಕಾರದ ಟೆಲಿ ಮಾನಸ್ ಸೇವೆಯ ದೂರವಾಣಿ 14416. ಸ್ವಲ್ಪ ಪ್ರಮಾಣದ ಸೇವನೆಗೆ ಸಿಕ್ಕಿದ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಪೂರೈಸಿದರೆ, ಅದೇ 1985ರ ಕಾಯಿದೆಯ 64ಎ ವಿಧಿ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಬಿಟ್ಟ ಮೊದಲ ಒಂದೆರಡು ವಾರ ನಿದ್ರಾಹೀನತೆ, ಸಿಡುಕು, ಹಸಿವಿಲ್ಲದಿರುವಿಕೆ ಸಹಜ. ಆಗ ಬೇಕಾದುದು ತಾಯಿಯ ಕೈತುತ್ತು, ತಂದೆಯ ಮೌನ.

ಮಗಳ ಮದುವೆಗಾಗಿ ಮಗನ ಚಿಕಿತ್ಸೆಯನ್ನು ಮುಂದೂಡುವುದೆಂದರೆ ಒಬ್ಬರ ಸುಖಕ್ಕಾಗಿ ಇನ್ನೊಬ್ಬರ ಬುದ್ಧಿಯನ್ನು ಒತ್ತೆಯಿಟ್ಟಂತೆ. ಊರಿಗೆಲ್ಲ ಸಾರಬೇಕಾಗಿಲ್ಲ; ವೈದ್ಯರ ಮುಂದೆ ಮುಚ್ಚಿಡಬಾರದು. ನಾವು ಸಮಾಜದವರೂ ಇಂಥ ಮನೆಯ ಮಾತನ್ನು ಪಂಕ್ತಿಯಲ್ಲಿ ಕುಳಿತು ಆಡಿಕೊಳ್ಳದಿದ್ದರೆ, ಆ ತಂದೆಗೆ ಮುಚ್ಚಿಡುವ ಕಾರಣವೇ ಇರದು. ಆ ಮಟ್ಟಿಗೆ ಪ್ರಾಯಶ್ಚಿತ್ತ ನಮಗೂ ಇದೆ.

ಸಜ್ಜೀವರ ಸ್ವರೂಪಾನಂದವು ಹೊಗೆಯಿಂದ ಬರುವುದಲ್ಲ, ಶ್ರೀಹರಿಯ ಪ್ರಸಾದದಿಂದ ವ್ಯಕ್ತವಾಗುವುದು. ಅದನ್ನು ಅರಿಯುವ ಸ್ವಸ್ಥ ಮನಸ್ಸನ್ನು ಹರಿವಾಯುಗುರುಗಳು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥